ಕರೆಯದ ಹೆಸರಿನ ಬಾಗಿಲು

ನಮ್ಮ ಊರಿನಲ್ಲಿ ಬೀದಿಗಳು ಬೆಳಗಿನ ಹೊತ್ತು ಹುಟ್ಟುತ್ತವೆ. ಹಿಂದಿನ ಸಂಜೆ ಎಮ್ಮೆಗಳು ಮೇಯುತ್ತಿದ್ದ ಬಯಲಿನಲ್ಲಿ ಮರುದಿನ ನೀರಿಗೆ ಹೋದವರು ಕಲ್ಲು ಹಾಸಿದ ಹೊಸ ದಾರಿಯನ್ನು ಕಾಣುತ್ತಾರೆ. ಎರಡೂ ಬದಿಗೆ ಗೋಡೆ, ಗೋಡೆಯಲ್ಲಿ ಇನ್ನೂ ಒಂದು ಬಾಗಿಲೂ ಇಲ್ಲ. ಎಲ್ಲೋ ದೊಡ್ಡ ಊರಿನಲ್ಲಿ ಕುಳಿತವರು ಇಂಟರ್ನೆಟ್ಟಿನ ಹೆಸರುಗಳಿಗೆ ಹೊಸದೊಂದು ಬಾಲವನ್ನು ಮಂಜೂರು ಮಾಡಿದ್ದಾರೆ ಎಂಬುದು ನಮಗೆ ತಿಳಿಯುವುದು ಹೀಗೆ. ಮೊದಲು ಹೆಸರು, ಅದರ ಮುಂದೆ ಒಂದು ಚುಕ್ಕಿ, ಚುಕ್ಕಿಯ ಆಚೆಗೆ ಬಾಲ. ಬೇರೆ ಊರುಗಳಲ್ಲಿ ಅವು ಫೋನಿನಲ್ಲಿ ಒತ್ತುವ ಅಕ್ಷರಗಳು ಮಾತ್ರ. ನಮ್ಮಲ್ಲಿ ಬಾಲವೆಂದರೆ ಒಂದು ಬೀದಿ, ಹೆಸರೆಂದರೆ ಆ ಬೀದಿಯಲ್ಲಿ ಒಂದು ಬಾಗಿಲು. ನಾನು ಮುದುಕನಾದೆ, ಊರಿಗೆ ಬೀದಿಯ ಮೇಲೆ ಬೀದಿ ಬಂದವು. ಆದರೂ ಹೊಸ ಕಲ್ಲಿನ ಮೇಲೆ ಮೊದಲ ಬೆಳಕು ಬೀಳುವುದನ್ನು ಕಂಡಾಗಲೆಲ್ಲ ನನ್ನ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಗುತ್ತದೆ.

ಹೆಸರು ಬೇಕಾದವರು ನೋಂದಣಿ ಕಟ್ಟೆಗೆ ಹೋಗಿ ಕಿಟಕಿಯ ಎದುರು ನಿಂತು ಬಾಯಿಬಿಟ್ಟು ಹೇಳಬೇಕು. ಒಳಗೆ ಕುಳಿತ ಗುಮಾಸ್ತ ಅದನ್ನು ಕಂಪ್ಯೂಟರಿಗೆ ಸೇರಿಸುತ್ತಾನೆ. ಆಗ ಗೋಡೆಯಲ್ಲಿ ಬಾಗಿಲು ಏಳುತ್ತದೆ. ಬರೆದುಕೊಟ್ಟ ಹೆಸರಿಗೆ ಏಳುವುದಿಲ್ಲ. ಮೊದಲಿಗೆ ಅದು ದೀಪವಿಡುವ ಗೂಡಿನಷ್ಟೇ ಇರುತ್ತದೆ. ದೂರದವರು ಫೋನಿನಲ್ಲಿ ಒತ್ತಿದರೆ ಬಾಗಿಲಿನ ಚಿಲಕ ಅಲುಗುತ್ತದೆ, ಒಳಗಿದ್ದವರು ಬಂದು ತೆರೆಯುತ್ತಾರೆ. ಊರಿನವರು ಬೀದಿಯಲ್ಲಿ ನಿಂತು ಹೆಸರು ಹಿಡಿದು ಕರೆದರೆ ಅದು ತಾನೇ ತೆರೆಯುತ್ತದೆ. ಕರೆದಷ್ಟೂ ಬೆಳೆಯುತ್ತದೆ, ಕರೆಯುವವರಿಲ್ಲದಿದ್ದರೆ ಕುಗ್ಗುತ್ತ ಮತ್ತೆ ಗೂಡಾಗುತ್ತದೆ. ಹೆಸರನ್ನು ಮಾರುವುದಕ್ಕೆಂದು ಹಿಡಿದವರು ಬಾಗಿಲಿಗೆ ಬೀಗ ಹಾಕಿರುತ್ತಾರೆ. ಬೀಗ ಬಿದ್ದ ಬಾಗಿಲು ಯಾರು ಕರೆದರೂ ತೆರೆಯುವುದಿಲ್ಲ.

ಇಂಥ ಊರಿನಲ್ಲಿ ಒಂದು ಪದ್ಧತಿ ಬೆಳೆದದ್ದು ಆಶ್ಚರ್ಯವಲ್ಲ. ತೀರಿಕೊಂಡವರ ಹೆಸರನ್ನು ವರ್ಷ ತುಂಬುವವರೆಗೆ ನಾವು ಬಾಯಿಂದ ಆಡುವುದಿಲ್ಲ. ಮರೆತು ಒಬ್ಬರು ಆಡಿದರೂ ಅವರ ಬಾಗಿಲು ತೆರೆದುಕೊಳ್ಳುತ್ತದೆ, ಹೊರಗೆ ಬರುವವರು ಮಾತ್ರ ಇರುವುದಿಲ್ಲ. ಅದನ್ನು ಮನೆಯವರು ಕಾಣಬಾರದು ಎಂದು ಹಿರಿಯರು ಮಾಡಿದ ಕಟ್ಟು ಅದು. ನಾನು ಬದುಕಿನುದ್ದಕ್ಕೂ ಅದನ್ನು ಬೇರೆಯವರ ಮನೆಯ ದುಃಖಕ್ಕಾಗಿ ಪಾಲಿಸುತ್ತ ಬಂದಿದ್ದೆ. ಹೋದ ವರ್ಷದ ಶಿವರಾತ್ರಿಯ ಮರುದಿನದಿಂದ ಅದು ನನ್ನ ಮನೆಗೇ ಬಂತು. ಅಂದು ನನ್ನ ತಂಗಿ ತೀರಿಕೊಂಡಳು. ಅವಳ ಹೆಸರನ್ನು ಕಥೆಯಲ್ಲಿ ಅದು ಬರಬೇಕಾದ ಜಾಗದಲ್ಲಿಯೇ ಹೇಳುತ್ತೇನೆ.

ನನಗೆ ಮದುವೆಯಾಗಲಿಲ್ಲ. ತಂಗಿ ಮದುವೆಯಾಗಿ, ಗಂಡನನ್ನು ಮಣ್ಣಿಗಿಟ್ಟು, ತವರಿಗೆ ಬಂದಳು. ಬರುವಾಗ ಅತ್ತೆಯಿಂದ ಕಲಿತ ಒಂದು ಕೆಲಸವನ್ನು ತಂದಳು. ವಿಭೂತಿ ಮಾಡುವುದು. ಆಕಳ ಸಗಣಿಯ ಉಂಡೆಗಳನ್ನು ಒಣಗಿಸಿ, ಭತ್ತದ ಹೊಟ್ಟಿನ ನಡುವೆ ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ಬಾನಿಯ ನೀರಿನಲ್ಲಿ ಕದಡಿ, ಅದು ಕೆಳಗೆ ಕೂರುವವರೆಗೆ ಕಾಯುತ್ತಿದ್ದಳು. ಮೇಲಿನ ನೀರು ಚೆಲ್ಲಿ ಮತ್ತೆ ಕದಡುತ್ತಿದ್ದಳು. ನೀರು ಕನ್ನಡಿಯಂತಾದ ಮೇಲೆ ತಳದ ಕೆನೆಯನ್ನು ತೆಗೆದು ಗಟ್ಟಿ ಮಾಡುತ್ತಿದ್ದಳು. ಎಲ್ಲಕ್ಕಿಂತ ಕಷ್ಟ ಒಣಗಿಸುವುದು. ಬಿಸಿಲು ಹೆಚ್ಚಾದರೆ ಗಟ್ಟಿ ಬಿರಿಯುತ್ತದೆ, ಗಾಳಿ ನಿಂತರೆ ಒಳಗೆ ಹಸಿ ಉಳಿಯುತ್ತದೆ. ತಂಗಿ ತಟ್ಟೆಗಳನ್ನು ಹಿಡಿದು ಅಂಗಳದಲ್ಲಿ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಇಡುತ್ತಿದ್ದಳು. ಯಾಕೆಂದು ಕೇಳಿದರೆ, "ಗಾಳಿ ಈಗ ಇಲ್ಲಿ ಕುಂತದ, ಅಣ್ಣಾ" ಎನ್ನುತ್ತಿದ್ದಳು. ನನಗೆ ಎಲ್ಲ ಕಡೆಯೂ ಒಂದೇ ಗಾಳಿ ಅನ್ನಿಸುತ್ತಿತ್ತು.

ಅವಳ ಹೆಸರೇ ಅವಳ ವಿಭೂತಿಯ ಹೆಸರಾಯಿತು. ಬೇರೆಯವರು ಆ ಹೆಸರಿನಲ್ಲಿ ವಿಭೂತಿ ಮಾರದಂತೆ ಸರಕಾರದಿಂದ ಮುದ್ರೆಯ ಹಕ್ಕು ಪಡೆದೆವು. ಅಂಗಡಿ ಬೀದಿಯಲ್ಲಿ ಅವಳ ಬಾಗಿಲು ಎಷ್ಟು ಎತ್ತರ ಬೆಳೆಯಿತೆಂದರೆ ತಲೆಯ ಮೇಲೆ ಬುಟ್ಟಿ ಹೊತ್ತವರೂ ಬಗ್ಗದೆ ಒಳಗೆ ಬರುತ್ತಿದ್ದರು. ಸುತ್ತಿನ ಮಠಗಳವರು, ಮನೆಗಳವರು, ಲಿಂಗೈಕ್ಯರಾದವರಿಗೆ ಕೊನೆಯ ವಿಭೂತಿ ಬೇಕಾದವರು, ಎಲ್ಲರೂ ಆ ಹೆಸರನ್ನೇ ಕರೆಯುತ್ತಿದ್ದರು. ಅವಳನ್ನು ಕೂರಿಸಿ ಮಣ್ಣು ಕೊಟ್ಟ ದಿನ ಅವಳು ಮಾಡಿದ ಗಟ್ಟಿಗಳನ್ನೇ ಅವಳ ಸುತ್ತ ಇಟ್ಟೆ. ಅವಳ ಕೈಯ ವಿಭೂತಿ ಅಷ್ಟಕ್ಕೆ ಮುಗಿಯಿತು.

ಆಮೇಲೆ ನಾನೇ ಬೂದಿಗೆ ಕೈ ಹಾಕಿದೆ. ಸುಡುವುದು ಬಂತು, ಸೋಸುವುದು ಬಂತು. ಗಟ್ಟಿ ಮಾತ್ರ ಪ್ರತಿ ಸಲವೂ ಬಿರಿಯುತ್ತಿತ್ತು. ಊರಿನವರು ಬಂದು ಹೆಸರು ಕರೆಯದೆ ಕೈಯಿಂದ ಬಾಗಿಲು ತಟ್ಟಿ, "ಒಂದೆರಡು ಕೊಡ್ರಿ" ಎಂದಷ್ಟೇ ಹೇಳಿ, ಬಿರಿದ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಯಾರೂ ಬಿರುಕಿನ ಮಾತೆತ್ತಲಿಲ್ಲ. ಕರೆಯುವವರಿಲ್ಲದೆ ಬಾಗಿಲು ಕುಗ್ಗಬೇಕಾಗಿತ್ತು. ಕುಗ್ಗಿರಲಿಲ್ಲ. ದೂರದವರು ಒತ್ತಿ ಚಿಲಕ ಅಲುಗುತ್ತಿರುವುದರಿಂದ ಇರಬಹುದು ಎಂದುಕೊಂಡೆ.

ದೀಪಾವಳಿ ಪಾಡ್ಯದ ಬೆಳಿಗ್ಗೆ ಕೆರೆಯ ಆಚೆಗೆ ಹೊಸ ಬೀದಿ ಎದ್ದಿತು. ಅದರ ಬಾಲ 'ಪೂಜೆ'. ಹೂವಿನವರು, ಎಣ್ಣೆಯವರು, ಗಂಟೆ ಎರಕ ಹೊಯ್ಯುವವರು, ಎಲ್ಲರಿಗೂ ಅಲ್ಲಿ ಬಾಗಿಲು ಬೇಕು. ನಾನೂ ಹೋಗಿ ನಿಂತು ನೋಡಿದೆ. ಅದರ ಗೋಡೆಗಳು ನಾನು ಕಂಡ ಯಾವ ಬೀದಿಯ ಗೋಡೆಗಳಿಗಿಂತಲೂ ಬಿಳಿ. ಆ ಬಿಳುಪು ಕಣ್ಣಿಗೆ ಚುಚ್ಚುತ್ತಿರಲಿಲ್ಲ, ತೊಳೆದ ಬೂದಿಯ ಹಾಗೆ ತಂಪಾಗಿತ್ತು. ಇದು ನನ್ನ ತಂಗಿಯ ಬೀದಿ ಎಂದು ಮನಸ್ಸು ಹೇಳಿತು.

ಹೊಸ ಬೀದಿ ಬಂದಾಗ ಮೊದಲ ಪಕ್ಷ ಮುದ್ರೆಯ ಹಕ್ಕುಳ್ಳವರದು. ಹುಣ್ಣಿಮೆಯ ಒಳಗೆ ಅವರು ಬಂದು ತಮ್ಮ ಹೆಸರು ಹಿಡಿಯಬೇಕು. ಹುಣ್ಣಿಮೆ ಕಳೆದರೆ ಯಾವ ಹೆಸರನ್ನು ಯಾರು ಬೇಕಾದರೂ ಹಿಡಿಯಬಹುದು. ನಾನು ಮುದ್ರೆಯ ಪತ್ರ ಹಿಡಿದು ಕಿಟಕಿಗೆ ಹೋದೆ. ಗುಮಾಸ್ತ ನಮ್ಮ ಓಣಿಯವನೇ. ಪತ್ರ ನೋಡಿದ, ನನ್ನ ಮುಖ ನೋಡಿದ.

"ಕಾಗದಾ ಎಲ್ಲಾ ಸರಿ ಅದಾವ್ರಿ, ಅಜ್ಜಾರ. ಆದ್ರ ಹೆಸರು ನೀವು ಹೇಳಬೇಕು."

"ಅಲ್ಲೇ ಬರದದಲ್ಲಪ್ಪಾ."

"ಬರದಿದ್ದಕ್ಕ ಬಾಗಿಲಾ ಏಳೂದಿಲ್ಲ, ನಿಮಗ ಗೊತ್ತದ. ನಾ ಹೇಳೂಣಂದ್ರ ನಾನೂ ಇದೇ ಊರಾವ."

ನನ್ನ ಹಿಂದೆ ಎಣ್ಣೆಯವನೊಬ್ಬ ತನ್ನ ಅಂಗಡಿಯ ಹೆಸರನ್ನು ಗಂಟಲು ಸರಿಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದ. ನಾನು ಬಾಯಿ ತೆರೆದೆ. ಅಂಗಡಿ ಬೀದಿಯ ಆ ಎತ್ತರದ ಬಾಗಿಲು ತೆರೆದುಕೊಳ್ಳುವುದು ಕಣ್ಣಿಗೆ ಕಟ್ಟಿತು. ಬಾಯಿ ಮುಚ್ಚಿ, ಪತ್ರ ಮಡಿಚಿ, ಮನೆಗೆ ಬಂದೆ. ಹುಣ್ಣಿಮೆಯವರೆಗೆ ಮತ್ತೆ ಮತ್ತೆ ಹೋದೆ, ಮತ್ತೆ ಮತ್ತೆ ಹಾಗೆಯೇ ಬಂದೆ. ವರ್ಷ ತುಂಬಲಿ, ಆಮೇಲೆ ಹಿಡಿದರಾಯಿತು, ನಮ್ಮ ಊರಿನವರು ಯಾರು ತಾನೇ ಆ ಹೆಸರನ್ನು ಆಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಹೊರಗಿನವರ ನೆನಪು ನನಗೆ ಬರಲಿಲ್ಲ.

ಹುಣ್ಣಿಮೆಯ ಮರುದಿನ ಪೂಜೆ ಬೀದಿಯಲ್ಲಿ ತಂಗಿಯ ಹೆಸರಿನ ಗೂಡು ಎದ್ದಿತ್ತು. ಅದಕ್ಕೆ ಹಿತ್ತಾಳೆಯ ಬೀಗ. ಪಕ್ಕದಲ್ಲಿ ಒಂದು ಸಣ್ಣ ಹಲಗೆ: ಮಾರಾಟಕ್ಕಿದೆ, ಕಸ್ತೂರಿಬಾಯಿಯನ್ನು ಕಾಣಿರಿ.

ಕಸ್ತೂರಿಬಾಯಿ ಬೇರೆ ಊರಿನಿಂದ ಬಂದು ನೆಲೆಸಿದ ಹೆಂಗಸು. ಹೆಸರು ಹಿಡಿದು, ಕಾದು, ಬೇಕಾದವರಿಗೆ ಮಾರುವುದು ಅವಳ ಕಸುಬು. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಅವಳು ಬರುವುದು ಬೀದಿಯ ತಿರುವಿನಲ್ಲೇ ಕೇಳಿಸುತ್ತಿತ್ತು. ನಾನು ಗೂಡಿನ ಮುಂದೆ ಕುಳಿತಿದ್ದಾಗ ಬಂದು ನನ್ನ ಪಕ್ಕದಲ್ಲೇ ಕುಳಿತಳು.

"ಅಡಿವೆಪ್ಪ ಕಾಕಾ, ಸಿಟ್ಟಿಗೇಳಬ್ಯಾಡ್ರಿ. ಖಾಲಿ ಇತ್ತು, ಕುಂತೆ. ಖಾಲಿ ಕುರ್ಚಿ ಮ್ಯಾಲ ಕುಂತವರನ್ನ ಕಳ್ಳರು ಅಂತಾರೇನು?"

"ಕುರ್ಚಿ ಯಾರದಂತ ನಿನಗ ಗೊತ್ತಿತ್ತವ್ವಾ."

"ಗೊತ್ತಿದ್ದಕ್ಕ ಕುಂತೆ. ಯಾರದೂ ಅಲ್ಲದ ಕುರ್ಚಿ ಯಾರು ಕೊಳ್ತಾರ್ರಿ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಹೊರಗಿನಾಕಿ ನಾ, ನನ್ನ ದನಿಗೆ ಅಂಗಡಿ ಬೀದಿ ಬಾಗಿಲಾ ತೆರಿಯೂದಿಲ್ಲ. ಆದ್ರೂ ಕಿಟಕ್ಯಾಗ ಮೆಲ್ಲಗ ಹೇಳೀನ್ರಿ, ಗುಮಾಸ್ತಗಷ್ಟ ಕೇಳೂವಂಗ. ನಿಮ್ಮ ಪದ್ಧತಿಗೆ ಅಷ್ಟರ ಮರ್ಯಾದಿ ಕೊಟ್ಟೀನಿ" ಎಂದಳು.

"ನನಗ ಕೊಡು."

"ಕೊಡತೀನಿ. ಆದ್ರ ವಿಭೂತಿ ಕಾರ್ಖಾನಿಯವರೂ ಕೇಳಾಕತ್ತಾರ. ಅವರು ಕೊಡೋ ಬೆಲಿ ನಿಮ್ಮ ಕೈಲೆ ಆಗೂದಿಲ್ಲ, ಕಾಕಾ. ನಾನೂ ಹೊಟ್ಟಿಗೆ ಅನ್ನಾನ ತಿಂತೀನಿ."

ಕಾರ್ಖಾನೆಯ ಏಜೆಂಟನನ್ನು ನಾನು ಆ ವಾರವೇ ಕಂಡೆ. ಕುಲ್ಲೋಳಿ ಎಂಬ ತರುಣ, ಮಿರಮಿರ ಮಿಂಚುವ ಬೂಟು, ಮೃದುವಾದ ಮಾತು. ಮನೆಗೇ ಬಂದು ನಮಸ್ಕಾರ ಮಾಡಿ, ತಾವು ಮಾಡುವ ವಿಭೂತಿಯ ಒಂದು ಗಟ್ಟಿಯನ್ನು ನನ್ನ ಕೈಗಿಟ್ಟ. ಅಷ್ಟು ಬಿಳಿಯ, ಅಷ್ಟು ನಯವಾದ, ಅಂಚು ಮುಕ್ಕಾಗದ ಗಟ್ಟಿಯನ್ನು ತಂಗಿಯೂ ಮಾಡಿರಲಿಲ್ಲ. ನಾನು ಬೆರಳಿಗೆ ತೆಗೆದುಕೊಂಡು ಮಂತ್ರ ಹೇಳಿ ಹಣೆಗೆ ಹಚ್ಚಿಕೊಂಡೆ, ಒಂದು ಚೂರು ನಾಲಿಗೆಗೆ ಇಟ್ಟುಕೊಂಡೆ. ನಾಲಿಗೆ ಸುಟ್ಟಿತು. ಸ್ವಲ್ಪ ಹೊತ್ತಿಗೆ ಹಣೆಯೂ ಉರಿಯತೊಡಗಿತು.

"ಇದು ಸುಣ್ಣ" ಎಂದೆ.

"ಸ್ವಲ್ಪ ಇರ್ತದ್ರಿ. ಬಿಳುಪಿಗೆ. ಜನಾ ಬಿಳೇದು ಕೇಳ್ತಾರ."

"ಆಕಳ ಸಗಣಿ ಎಷ್ಟದ ಇದರಾಗ?"

ಅವನು ಗಟ್ಟಿಯನ್ನು ಕಾಗದದಲ್ಲಿ ಸುತ್ತಿಟ್ಟ. "ನಿಮ್ಮ ತಂಗಿಯವರ ಹೆಸರು ನಾಡಿಗೆಲ್ಲ ಹೋಗ್ತದ್ರಿ, ಅಜ್ಜಾರ. ಅವರ ಹೆಸರಿಗೆ ಇದಕಿಂತ ದೊಡ್ಡ ಸೇವಾ ಏನದ?" ಎಂದ. ಅವನು ನಂಬಿಯೇ ಹೇಳಿದನೆಂದು ನನಗೆ ಅನ್ನಿಸಿತು. ಅದರಿಂದಲೇ ಹೆಚ್ಚು ಭಯವಾಯಿತು. ಮಕ್ಕಳ ಹಣೆಗೆ, ಬಾಣಂತಿಯರ ಹಣೆಗೆ, ಕೊನೆಯುಸಿರು ಎಳೆಯುವವರ ಹಣೆಗೆ ಈ ಸುಣ್ಣ ಹತ್ತುತ್ತದೆ. ಹಚ್ಚುವವರು ನನ್ನ ತಂಗಿಯ ಹೆಸರನ್ನು ನಂಬಿ ಹಚ್ಚುತ್ತಾರೆ. ಅವನು ಹೋದ ಮೇಲೆ ಹಣೆ ತೊಳೆದುಕೊಂಡು ಲಿಂಗದ ಮುಂದೆ ಕುಳಿತೆ. ಪೂಜೆ ಸಾಗಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ಚಾಂದಬಿ ಬಂದಳು. ನಮಗೆ ಸಗಣಿ ಕೊಡುವವಳು ಅವಳೇ, ತಂಗಿಯ ಜೀವದ ಗೆಳತಿ. ಬುಟ್ಟಿ ಇಳಿಸಿದವಳು ಎಂದಿನಂತೆ ಅಂಗಳದಲ್ಲಿ ಕೂರದೆ ನಿಂತೇ ಇದ್ದಳು.

"ಅಣ್ಣಾರ, ಕೆರಿ ಆಚಿಗೆ ಹೋಗಿದ್ರೇನು?"

"ಇಲ್ಲವ್ವಾ. ಯಾಕ?"

"ಹೋಗಿ ನೋಡ್ರಿ. ನಾ ಹೇಳಿದ್ರ ನಂಬೂದಿಲ್ಲ ನೀವು."

ನಾವಿಬ್ಬರೂ ಹೋದೆವು. ಪೂಜೆ ಬೀದಿಯಲ್ಲಿ ಹೂವಿನವರ, ಎಣ್ಣೆಯವರ ಬಾಗಿಲುಗಳು ಇನ್ನೂ ಮೊಣಕಾಲೆತ್ತರ. ತಮ್ಮ ಬಾಗಿಲು ಬೇಗ ಬೆಳೆಯಲೆಂದು ಅವರು ನೆಂಟರನ್ನೆಲ್ಲ ಕರೆಸಿ ಬೆಳಗಿನಿಂದ ಕೂಗಿಸುತ್ತಿದ್ದರು. ಆ ಗದ್ದಲದ ನಡುವೆ, ಯಾರೂ ಕರೆಯದ, ಬೀಗ ಬಿದ್ದ ನನ್ನ ತಂಗಿಯ ಬಾಗಿಲು ನನ್ನ ಎದೆಯವರೆಗೆ ಬೆಳೆದು ನಿಂತಿತ್ತು. ಅದರ ಮುಂದೆ ಕಸ್ತೂರಿಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಕಾಕಾ, ನೀವು ಬಂದು ಕರದಿರೇನು?"

"ನಾನು ಕರೆಯೂದು ಹ್ಯಾಂಗವ್ವಾ?"

"ಹೊರಗಿಂದ ಒಬ್ಬರೂ ಒತ್ತಿಲ್ಲ. ಕಂಪ್ಯೂಟರಿನಾಗ ನೋಡೀನಿ. ಊರಾಗ ಒಬ್ಬರೂ ಬಾಯಿಬಿಟ್ಟಿಲ್ಲ. ಇಷ್ಟು ವರ್ಷದ ವ್ಯಾಪಾರದಾಗ ಕರೀದ ಬಾಗಿಲಾ ಬೆಳದದ್ದು ನಾ ಕಂಡಿಲ್ಲ." ಅವಳ ಧ್ವನಿಯಲ್ಲಿ ಲಾಭದ ಸಂತೋಷವಿರಲಿಲ್ಲ. ಅವಳು ಬೀಗವನ್ನು ಎಳೆದು ನೋಡಿದಳು. ಅದು ಭದ್ರವಾಗಿಯೇ ಇತ್ತು.

ನಾನು ಮರುದಿನ ಬೆಳಿಗ್ಗೆ ಮತ್ತೆ ಹೋದೆ, ಅದರ ಮರುದಿನವೂ. ಬಾಗಿಲು ಬೆಳೆಯುವ ಹೊತ್ತನ್ನು ಗುರುತಿಸಿದೆ. ಸೂರ್ಯ ಏಳುವ ಹೊತ್ತು. ಊರಿನ ಮನೆಮನೆಯಲ್ಲಿ ಸ್ನಾನ ಮುಗಿದು, ಹಿರಿಯರು ಮಕ್ಕಳು ವಿಭೂತಿಯ ಕರಂಡಕಕ್ಕೆ ಕೈ ಹಾಕುವ ಹೊತ್ತು. ನಾನು ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದೆ. ಹೊಗೆ ಏಳುವಷ್ಟು ಮೆಲ್ಲಗೆ ಚೌಕಟ್ಟು ಮೇಲಕ್ಕೆ ಹೋಗುತ್ತಿತ್ತು. ಬಿರಿದ ತುಂಡನ್ನು ಬೆರಳಲ್ಲಿ ಒರಸಿಕೊಳ್ಳುವಾಗ ಅವರೆಲ್ಲರ ಮನಸ್ಸಿನಲ್ಲಿ ಒಂದು ಹೆಸರು ಹಾದುಹೋಗುತ್ತಿತ್ತು, ನಾಲಿಗೆಗೆ ಬಾರದೆ ಹಣೆಗೆ ಹೋಗುತ್ತಿತ್ತು. ಅಂಗಡಿ ಬೀದಿಯ ಬಾಗಿಲು ಕುಗ್ಗದೆ ಉಳಿದದ್ದೂ ಅದರಿಂದಲೇ ಎಂದು ಆಗ ತಿಳಿಯಿತು. ಇಷ್ಟು ದಿನ ನಾನು ಒಬ್ಬನೇ ಮೌನವಾಗಿದ್ದೇನೆ ಎಂದುಕೊಂಡಿದ್ದೆ. ಊರೇ ಮೌನದಲ್ಲಿ ಅವಳನ್ನು ಕರೆಯುತ್ತಿತ್ತು. ಶಿವನೇ, ನಿನ್ನ ಲೆಕ್ಕ ನಮಗೆ ತಿಳಿಯದು ಎಂದು ಅಲ್ಲಿಯೇ ನೆಲಕ್ಕೆ ಹಣೆ ಹಚ್ಚಿದೆ.

ಆದರೆ ಬಾಗಿಲು ಬೆಳೆದಷ್ಟೂ ಕಾರ್ಖಾನೆಯವರ ಆಸೆಯೂ ಬೆಳೆಯಿತು. ಕುಲ್ಲೋಳಿ ಎರಡು ದಿನಕ್ಕೊಮ್ಮೆ ಬಂದು ಬಾಗಿಲಿನ ಫೋಟೋ ತೆಗೆದುಕೊಂಡು ಹೋಗುತ್ತಿದ್ದ. ಆಗ ನಾನು ಹೆಸರಿನ ತಗಾದೆಗಳನ್ನು ತೀರಿಸುವ ಕಟ್ಟೆಗೆ ಹೋಗಿ ದೂರು ಕೊಟ್ಟೆ. ಅಲ್ಲಿ ಹಿರಿಯರು ಮಡಿವಾಳಯ್ಯನವರು, ನಶ್ಯದ ಡಬ್ಬಿಯನ್ನು ಬಿಟ್ಟು ಒಂದು ಗಳಿಗೆಯೂ ಇರದವರು. ದೂರು ಇರುವ ತನಕ ಬಾಗಿಲನ್ನು ಮಾರುವಂತಿಲ್ಲ ಎಂದು ಕಸ್ತೂರಿಬಾಯಿಗೆ ಹೇಳಿ ಕಳಿಸಿದರು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಅಡಿವೆಪ್ಪನವರ, ಮೂರು ಮಾತು ಗಟ್ಟಿಯಾಗಬೇಕು. ಆ ಹೆಸರು ನಿಮ್ಮ ಮುದ್ರಿದೇ ಇರಬೇಕು. ಹಿಡದವರಿಗೆ ಅದರ ಮ್ಯಾಲ ತಮ್ಮದೊಂದು ಹಕ್ಕು ಇರಬಾರದು. ಕೆಟ್ಟ ಮನಸಿಲೆ ಹಿಡದಿರಬೇಕು. ಮೂರೂ ನಿಮ್ಮ ಕಡೇನ ಅದಾವ. ಆದ್ರ..."

"ಆದ್ರ?"

"ದೂರು ಕೊಟ್ಟವರು ಬಾಗಿಲದ ಮುಂದ ನಿಂತು ಎಲ್ಲರಿಗೂ ಕೇಳೂವಂಗ ಹೆಸರು ಹಿಡದು ಕರೀಬೇಕು. ಬೀಗ ಬಿದ್ದದ್ದು ತೆರಿಯೂದಿಲ್ಲ, ಅದು ನಮಗೂ ಗೊತ್ತದ. ಆದ್ರೂ ಕರದ ಮ್ಯಾಲೇ ನಾವು ಮೂರು ಮಾತು ಕೇಳೂದು. ಕರೀದವರ ದೂರು ದೂರಲ್ಲ."

"ವರ್ಷ ತುಂಬಲಿ, ಕರೀತೀನ್ರಿ."

ಅವರು ನಶ್ಯ ಏರಿಸಿ ಡಬ್ಬಿ ಮುಚ್ಚಿದರು. "ಅಷ್ಟು ದಿನಾ ದೂರು ನಿಲ್ಲೂದಿಲ್ಲ. ಬನದ ಹುಣ್ಣಿಮಿಗೆ ಅದರ ಗಡುವು ತೀರ್ತದ. ಶಿವರಾತ್ರಿ ಅದಾದ ಮ್ಯಾಲೆ ಬರ್ತದ" ಎಂದರು.

ಮನೆಗೆ ಬಂದು ಬಾನಿಯ ಮುಂದೆ ಕುಳಿತೆ. ಕರೆದರೆ ಹಿರಿಯರ ಕಟ್ಟು ಮುರಿಯುತ್ತದೆ. ಪೂಜೆ ಬೀದಿಯ ಬೀಗದ ಬಾಗಿಲು ತೆರೆಯದಿದ್ದರೂ ಅಂಗಡಿ ಬೀದಿಯದು ತೆರೆಯುತ್ತದೆ, ಅದರಲ್ಲಿ ಅವಳು ನಿಂತಿರುವುದಿಲ್ಲ. ಕರೆಯದಿದ್ದರೆ ಅವಳ ಹೆಸರು ಸುಣ್ಣಕ್ಕೆ ಹೋಗುತ್ತದೆ. ಇನ್ನೊಂದು ಮಾತು ಕೂಡ ನೆನಪಾಯಿತು. ಅವಳು ಬದುಕಿದ್ದಾಗ ನಾನು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಗಿರಾಕಿಗಳಿಗೆ ವಿಭೂತಿ ಕೊಡುವಾಗ ಆ ಹೆಸರು ಹೇಳುತ್ತಿದ್ದೆ. ಅವಳನ್ನು ಕರೆಯುವಾಗ ತಂಗೀ ಎಂದಷ್ಟೇ. ಮೊದಲ ಸಲ ಹೆಸರು ಹಿಡಿದು ಕರೆಯಬೇಕಾದದ್ದು ಅವಳು ಓ ಎನ್ನದ ಹೊತ್ತಿನಲ್ಲಿ.

ಚಾಂದಬಿ ಸಗಣಿಯ ಬುಟ್ಟಿ ಬರಿದು ಮಾಡುತ್ತ ನನ್ನ ಮುಖ ನೋಡಿದಳು. ಅವಳಿಗೆ ವಿಷಯವೆಲ್ಲ ಗೊತ್ತಿತ್ತು.

"ಅಣ್ಣಾರ, ಒಂದು ಕೇಳತೀನಿ. ಈ ಕಟ್ಟು ಯಾರ ಸಲುವಾಗಿ ಮಾಡ್ಯಾರ?"

"ತೀರಿಕೊಂಡವರ ಸಲುವಾಗಿ."

"ಅಲ್ರೀ. ಉಳದವರ ಕಣ್ಣಿನ ಸಲುವಾಗಿ. ಆಕಿಗೇನು, ಕರದ್ರೂ ಅಷ್ಟ, ಬಿಟ್ರೂ ಅಷ್ಟ. ನಿಮ್ಮ ಕಣ್ಣು ತಡಕೊಳ್ಳತಾವ ಅಂದ್ರ ಕರೀರಿ. ಇಲ್ಲಾ ಅಂದ್ರ ಬಿಡ್ರಿ. ಆದ್ರ ಆಕಿಗೆ ದೋಷ ತಟ್ಟತದ ಅಂತ ಮಾತ್ರ ಅನಬ್ಯಾಡ್ರಿ." ಬುಟ್ಟಿಯನ್ನು ಕೊಡವಿ ಕಂಕುಳಿಗೆ ಇಟ್ಟುಕೊಂಡಳು. "ನನ್ನ ಕಣ್ಣೂ ಬರ್ತಾವ ನಿಮ್ಮ ಜೋಡಿ."

ಬನದ ಹುಣ್ಣಿಮೆಯ ಬೆಳಿಗ್ಗೆ ನಾನು ಸ್ನಾನ ಮಾಡಿ, ಪೂಜೆ ಮುಗಿಸಿ, ನಾನೇ ಮಾಡಿದ ಬಿರುಕು ವಿಭೂತಿಯನ್ನು ಧರಿಸಿ ಹೊರಟೆ. ಚಾಂದಬಿ ಜೊತೆಗಿದ್ದಳು. ಕೆರೆಯ ಏರಿ ಹತ್ತಿದಾಗ ನಮ್ಮ ಹಿಂದೆ ಬೇರೆಯವರೂ ಬರುತ್ತಿದ್ದರು. ಪೂಜೆ ಬೀದಿ ತುಂಬಿತ್ತು. ತಂಗಿಯ ಬಾಗಿಲು ಈಗ ಮಠದ ಹೆಬ್ಬಾಗಿಲಿನಷ್ಟು ಎತ್ತರ. ಅದರ ಮೇಲೆ ಹಿತ್ತಾಳೆಯ ಬೀಗ ಒಂದು ಕಡಲೆಯ ಹಾಗೆ ಕಾಣುತ್ತಿತ್ತು. ಕಸ್ತೂರಿಬಾಯಿ ಒಂದು ಬದಿಗೆ, ಕುಲ್ಲೋಳಿ ಅವಳ ಪಕ್ಕಕ್ಕೆ, ಮಡಿವಾಳಯ್ಯನವರು ಕುರ್ಚಿಯಲ್ಲಿ.

"ಅಡಿವೆಪ್ಪನವರ, ಕರೀತೀರೇನು?" ಎಂದರು ಮಡಿವಾಳಯ್ಯನವರು. ಅವರ ಧ್ವನಿಯಲ್ಲಿ ಒತ್ತಾಯವಿರಲಿಲ್ಲ.

ನಾನು ಬಾಗಿಲಿನ ಮುಂದೆ ನಿಂತೆ. ಅದರ ಹಲಗೆಗಳಿಂದ ಹೊಸ ಮರದ ವಾಸನೆ ಬರುತ್ತಿರಲಿಲ್ಲ, ತೊಳೆದ ಬೂದಿಯ ವಾಸನೆ ಬರುತ್ತಿತ್ತು. ಎದೆಯ ಲಿಂಗವನ್ನು ಹಿಡಿದುಕೊಂಡು ಕರೆದೆ.

"ನೀಲಗಂಗವ್ವಾ."

ಬೀಗ ಅಲುಗಲಿಲ್ಲ. ಕೊಂಡಿ ಕಳಚಲಿಲ್ಲ. ಬಾಗಿಲಿನ ಎರಡು ಹಲಗೆಗಳು, ಬೀಗ ತಮ್ಮ ನಡುವೆ ಇಲ್ಲವೇ ಇಲ್ಲ ಎಂಬಂತೆ, ಒಳಗೆ ಸರಿದವು. ಬೀಗ ಒಂದು ಹಲಗೆಯ ಮೇಲೆ ಹಾಕಿದ್ದ ಹಾಗೆಯೇ ತೂಗುತ್ತಿತ್ತು. ಬಾಗಿಲು ಪೂರ್ತಿ ತೆರೆಯಿತು.

ಒಳಗೆ ಅವಳಿರಲಿಲ್ಲ. ನಾನು ಅಂಜಿದ್ದು ಇದಕ್ಕೇ, ಕಣ್ಣಾರೆ ಕಂಡೆ. ಒಳಗೆ ಕೋಣೆಯಿರಲಿಲ್ಲ, ಗೋಡೆಯಿರಲಿಲ್ಲ, ಆಚೆಯ ಹೊಲವೂ ಕಾಣಲಿಲ್ಲ. ಬಯಲು. ಬೆಳಕಿಗೂ ನೆರಳಿಗೂ ನಡುವಿನ ಒಂದು ಬಣ್ಣ, ನೀರು ತಿಳಿಯಾದಾಗ ಬಾನಿಯ ತಳದಲ್ಲಿ ಕಾಣುವ ಬಣ್ಣ, ಕಣ್ಣು ಹೋದಷ್ಟು ದೂರ. ಅದು ಬರಿದಾಗಿರಲಿಲ್ಲ. ಹೇಗೆಂದು ಹೇ​ಳಲು ನನ್ನಲ್ಲಿ ಮಾತಿಲ್ಲ. ಮನೆಯಲ್ಲಿ ಒಬ್ಬರು ಒಳಗಿನ ಕೋಣೆಯಲ್ಲಿ ಕೆಲಸ ಮಾಡುತ್ತಿರುವಾಗ ಹೊರಗಿನ ಕೋಣೆ ಹೇಗೆ ತುಂಬಿರುತ್ತದೆಯೋ ಹಾಗೆ ತುಂಬಿತ್ತು. ಅಲ್ಲಿಂದ ತಣ್ಣನೆಯ ಗಾಳಿ ಬಂದು ನಮ್ಮೆಲ್ಲರ ಮುಖ ಮುಟ್ಟಿತು. ನನ್ನ ಕಣ್ಣು ತಡೆದುಕೊಂಡವು.

ಚಾಂದಬಿ ಸೆರಗು ತಲೆಗೆ ಎಳೆದುಕೊಂಡು, ಮೆಲ್ಲಗೆ, ಗೆಳತಿಯನ್ನು ಹಿತ್ತಲಿನಿಂದ ಕರೆಯುವ ಹಾಗೆ, "ನೀಲಾ" ಎಂದಳು. ಹಿಂದಿನಿಂದ ಯಾರೋ ಪೂರ್ತಿ ಹೆಸರು ಹೇಳಿದರು. ಆಮೇಲೆ ಇನ್ನೊಬ್ಬರು. ಅದು ಕೂಗಾಗಲಿಲ್ಲ. ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಒಂದೊಂದು ಸಲ ಹೇಳಿದರು, ಬಹಳ ದಿನದಿಂದ ಹಿಡಿದಿದ್ದ ಉಸಿರನ್ನು ಬಿಟ್ಟ ಹಾಗೆ. ಕುಲ್ಲೋಳಿ ತನ್ನ ಬೂಟುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ.

ಮಡಿವಾಳಯ್ಯನವರು ಎದ್ದು ಕೈಮುಗಿದು, ಮತ್ತೆ ಕುಳಿತು, ಪದ್ಧತಿ ಬಿಡಬಾರದೆಂದು ಮೂರು ಮಾತು ಕೇಳಿದರು. ಕಸ್ತೂರಿಬಾಯಿ ತಲೆ ಬಗ್ಗಿಸಿ ನಿಂತಿದ್ದಳು.

"ಹೆಸರು ಅವರದ ಐತ್ರಿ. ನನಗ ಅದರ ಮ್ಯಾಲ ಏನೂ ಹಕ್ಕಿಲ್ಲ. ಕೆಟ್ಟ ಮನಸು ಅಂತ ಮಾತ್ರ ಬರೀಬ್ಯಾಡ್ರಿ. ವ್ಯಾಪಾರದ ಮನಸು ಅಂತ ಬರೀರಿ."

"ಎರಡರ ನಡುವಿನ ಗ್ವಾಡಿ ಎಲ್ಲದ, ತೋರಸವ್ವಾ" ಎಂದರು ಮಡಿವಾಳಯ್ಯನವರು. ತೀರ್ಪು ನನ್ನ ಕಡೆಗಾಯಿತು.

ಜನ ಚದುರಿದ ಮೇಲೆ ಕಸ್ತೂರಿಬಾಯಿ ಗೊಂಚಲಿನಿಂದ ಆ ಬೀಗದ ಕೈ ಬಿಚ್ಚಿದಳು. ಕೊಡುವ ಮೊದಲು, ಬಾಗಿಲನ್ನು ಸರಿಯಾಗಿ ಮುಚ್ಚಿ ಕೊಡುವುದು ಮರ್ಯಾದೆ ಎಂದು ಎರಡೂ ಕೈಯಿಂದ ಹಲಗೆಗಳನ್ನು ಎಳೆದಳು. ಬಾಗಿಲು ಮಿಸುಕಲಿಲ್ಲ. ಬೆನ್ನು ಕೊಟ್ಟು ತಳ್ಳಿದಳು. ನಾನೂ ಕೈ ಹಾಕಿದೆ. ಬೆಟ್ಟವನ್ನು ತಳ್ಳಿದ ಹಾಗೆ.

ಅವಳು ಹೊಸ್ತಿಲಿನ ಮೇಲೆ ಕುಳಿತು ಏದುಸಿರು ಬಿಟ್ಟಳು. "ಕಾಕಾ, ನಿಮ್ಮ ತಂಗಿ ನನ್ನ ವ್ಯಾಪಾರ ಕೆಡಸಿದ್ಲು. ಮುಚ್ಚಿದ ಬಾಗಿಲಾ ಮಾರಬಹುದು. ತೆರದ ಬಾಗಿಲಾ ಯಾರು ಕೊಳ್ತಾರ?" ಎಂದಳು. ಬೀಗದ ಕೈಯನ್ನು ಬೆರಳಲ್ಲಿ ತಿರುವುತ್ತ, "ನನ್ನವ್ವಗ ಕಡೀಕ ಹಚ್ಚಿದ್ದು ಇವರ ವಿಭೂತಿನ. ಹೆಸರು ಬಾಯಾಗ ಇತ್ತು, ಅದಕ್ಕ ಹಿಡದೆ. ಯಾಕ ಬಾಯಾಗ ಇತ್ತು ಅಂತ ಆಗ ಯೋಚನಿ ಮಾಡಲಿಲ್ಲ" ಎಂದಳು. ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟು, ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡು ಹೋದಳು.

ಆ ಬಾಗಿಲು ಇಂದಿಗೂ ತೆರೆದೇ ಇದೆ. ಶಿವರಾತ್ರಿಗೆ ವರ್ಷ ತುಂಬಿತು. ಈಗ ಊರಿನವರು ಅವಳ ಹೆಸರನ್ನು ನಿಸ್ಸಂಕೋಚವಾಗಿ ಕರೆಯುತ್ತಾರೆ. ಯಾರೂ ಹೊಸ್ತಿಲು ದಾಟಿ ಒಳಗೆ ಹೋಗುವುದಿಲ್ಲ. ಬೇಡವೆಂದು ಯಾರೂ ಹೇಳಿಲ್ಲ, ಆದರೂ ಹೋಗುವುದಿಲ್ಲ. ಹೊಸ್ತಿಲಿನ ಈಚೆಗೆ ನಾನು ಒಂದು ಚಾಪೆ ಹಾಸಿ ಕೂರುತ್ತೇನೆ, ಬಂದವರಿಗೆ ವಿಭೂತಿ ಕೊಡುತ್ತೇನೆ.

ಅಲ್ಲಿ ಕೂರತೊಡಗಿದ ಮೊದಲ ವಾರ ಒಂದು ದಿನ ಹಸಿ ಗಟ್ಟಿಗಳ ತಟ್ಟೆಯನ್ನು ಮನೆಯಲ್ಲಿ ಬಿಟ್ಟುಬರಲು ಮನಸ್ಸಾಗದೆ ಜೊತೆಗೆ ತಂದು ಹೊಸ್ತಿಲಿನ ಮೇಲೆ ಇಟ್ಟಿದ್ದೆ. ಗಿರಾಕಿಗಳ ನಡುವೆ ಅದು ಮರೆತೇ ಹೋಯಿತು. ಮಧ್ಯಾಹ್ನ ಚಾಂದಬಿ ಬಂದು ಒಂದನ್ನು ಎತ್ತಿ, ತಿರುಗಿಸಿ ನೋಡಿ, ಬೆರಳಿನಿಂದ ತಟ್ಟಿದಳು. ಟಣ್ ಎಂದಿತು. ಮತ್ತೊಂದನ್ನು ಎತ್ತಿದಳು. ಅಂಚು ಮುಕ್ಕಾಗಿರಲಿಲ್ಲ, ಮೈಯಲ್ಲಿ ಗೆರೆಯಿರಲಿಲ್ಲ, ಒಳಗೆ ಹಸಿಯಿರಲಿಲ್ಲ. ನಾನು ಬಾಗಿಲಿನ ಕಡೆಗೆ ತಿರುಗಿದೆ. ಆ ತಣ್ಣನೆಯ ಗಾಳಿ ಒಳಗಿನಿಂದ ಮೆಲ್ಲಗೆ ಬೀಸುತ್ತಿತ್ತು. ಅದು ಬೀದಿಗೆ ಹೋಗುತ್ತಿರಲಿಲ್ಲ. ಹೊಸ್ತಿಲಿನ ಮೇಲೆ, ತಟ್ಟೆಯ ಸುತ್ತ, ಅಲ್ಲಿಯೇ ಕುಳಿತಿತ್ತು.

"ಗಾಳಿ ಇಲ್ಲಿ ಕುಂತದ ನೋಡ್ರಿ, ಅಣ್ಣಾರ" ಎಂದಳು ಚಾಂದಬಿ.

ಅಂದಿನಿಂದ ತಟ್ಟೆಗಳನ್ನು ಅಲ್ಲಿಯೇ ಇಡುತ್ತೇನೆ. ಸಂಜೆ ಗಟ್ಟಿಗಳನ್ನು ಬುಟ್ಟಿಗೆ ತುಂಬಿ, ಚಾಪೆ ಸುತ್ತಿ, ಹೊರಡುವ ಮೊದಲು ಬಾಗಿಲಿನ ಮುಂದೆ ನಿಂತು ಅವಳನ್ನು ಹೆಸರು ಹಿಡಿದು ಕರೆಯುತ್ತೇನೆ. ಬರಲಿ ಎಂದು ಕರೆಯುವುದಿಲ್ಲ. ಗಟ್ಟಿಗಳು ಒಣಗಿವೆ, ತೆಗೆದುಕೊಂಡು ಹೋಗುತ್ತಿದ್ದೇನೆ ಎಂದು ತಿಳಿಸುವುದಕ್ಕೆ.